ಮಾರಮ್ಮನ ಮುನಿಸು

"ಚಪ್ಲಿ ಬುಡ್ದೆ ನೀರ್ ತಂದಿದೀಯ. ನೋಡು, ಅಮ್ಮ ಮುನಿಸ್ಕಂಡವ್ಳೆ," ಎಂದು ಬೋರಮ್ಮಜ್ಜಿ ಸಿರಿಯ ಕೈಯಿಂದ ಬಿಂದಿಗೆ ಕಿತ್ತುಕೊಂಡಳು.

ಬೇವಿನ ಮರದಡಿಯ ಮಾರಮ್ಮನ ಕಲ್ಲಿಗೆ ಅಜ್ಜಿ ಅರಿಶಿನ ಬಳಿದಿದ್ದಳು. ಸಿರಿ ಹಳ್ಳದ ನೀರು ಹುಯ್ದದ್ದೇ ತಡ, ಹಳದಿಯೆಲ್ಲ ರಕ್ತದಂತೆ ಕೆಂಪಾಗಿತ್ತು.

"ನನ್ನಿಂದಲ್ಲ ಅಜ್ಜಿ."

"ಮತ್ಯಾರಿಂದ, ನನ್ನಿಂದ್ಲಾ?"

ಅಣ್ಣ ದೀಪು ಸುಮ್ಮನಿದ್ದಾನೆಯೇ? "ಮಾರಮ್ಮಂಗೇ ಗಾಯ ಮಾಡ್ದೋಳು ನಮ್ಮನೇಲವ್ಳೆ ಅಂತ ಸ್ಕೂಲಲ್ಲಿ ಹೇಳ್ತೀನಿ."

ಸಿರಿಯ ಕಿವಿ ಬಿಸಿಯಾಯಿತು. "ನೀನು ದಿನಾ ಇಲ್ಲೇ ಚಪ್ಲೀಲಿ ಕ್ರಿಕೆಟ್ ಆಡ್ತೀಯ. ಆಗ ಮುನಿಸ್ಕಳಕ್ಕೆ ಅಮ್ಮಂಗೆ ಟೈಮಿರ್ಲಿಲ್ವ?"

ಮನೆಗೆ ಬಂದವಳೇ ಅಜ್ಜಿ, ದೇವರಿಗೆ ನಿವಾಳಿಸಲು ಓಕುಳಿ ಕಲಸತೊಡಗಿದಳು. ಅರಿಶಿನದ ನೀರಿಗೆ ಎಲೆಯಡಿಕೆ ಚೀಲದಿಂದ ಚಿಟಿಕೆ ಸುಣ್ಣ ಹಾಕಿದಳು. ಹಳದಿ ನೀರು ಕೆಂಪಾಯಿತು.

ಮುಖ ಊದಿಸಿ ಕೂತಿದ್ದ ಸಿರಿ ಎದ್ದು ನಿಂತಳು. ಅದೇ ಬಣ್ಣ.

ಪಕ್ಕದ ಮನೆಗೆ ಓಡಿದಳು. ಅಲ್ಲಿನ ಸುಂದರಮ್ಮತ್ತೆ ಬೆಂಗಳೂರಿನ ಲ್ಯಾಬಿನಲ್ಲಿ ವಿಜ್ಞಾನಿಯಾಗಿದ್ದು, ರಿಟೈರಾಗಿ ಊರಿಗೆ ಬಂದವರು.

"ಹಳ್ಳದ ನೀರಲ್ಲಿ ಸುಣ್ಣದಂಥದ್ದು ಏನೋ ಐತೆ ಅತ್ತೆ. ಮೇಲ್ಗಡೆ ಆ ಹೊಸಾ ಫ್ಯಾಕ್ಟರಿಯೋರೇ ಬುಟ್ಟಿರೋದು. ಮಾರಮ್ಮ ಗೀರಮ್ಮ ಎಲ್ಲಾ ಸುಳ್ಳು ಅಂತ ಬಂದು ಅಜ್ಜಿಗೆ ಹೇಳಿ."

"ನಾನೇ ಶುಕ್ರವಾರ ಅಲ್ಲಿ ಕೈಮುಗಿಯೋಳು. ಹೆಂಗೆ ಹೇಳ್ಲಿ?"

"ನೀವು ಸೈಂಟಿಸ್ಟಲ್ವಾ?"

"ಅದಕ್ಕೇ ಕಣೇ, ಪರೀಕ್ಷೆ ಮಾಡ್ದೆ ಬಾಯಿ ಬಿಡಲ್ಲ. ಚಪ್ಲಿಯಿಂದ ಅಲ್ಲ ಅಂತ ನಿಂಗೆ ಹೆಂಗೆ ಗೊತ್ತು?"

"ನೀವೂ ಅಜ್ಜಿ ಪಾರ್ಟಿ," ಎಂದು ಸಿರಿ ಸಿಡುಕಿದಳು.

"ನಂದು ಯಾವ ಪಾರ್ಟೀನೂ ಇಲ್ಲ. ನೀರನ್ನೇ ಕೇಳು. ಆದ್ರೆ ಅದು ಏನ್ ಹೇಳಿದ್ರೂ ಒಪ್ಕೋಬೇಕು. ನಿಂಗೆ ಬೇಡದ್ದು ಹೇಳಿದ್ರೂ."

ಸಿರಿ ಧುಮುಗುಡುತ್ತಲೇ ಮನೆಗೆ ಬಂದು ಎರಡು ತಟ್ಟೆ ತೊಳೆದು, ಒರೆಸಿ, ಅರಿಶಿನ ಬಳಿದಳು. ಚಪ್ಪಲಿ ಮೆಟ್ಟಿಕೊಂಡು ಹೋಗಿ ಬೋರ್‌ವೆಲ್ ನೀರು ತಂದು ಒಂದಕ್ಕೆ ಹುಯ್ದಳು. ಹಳದಿ ಹಳದಿಯಾಗಿಯೇ ಉಳಿಯಿತು. ಬರಿಗಾಲಲ್ಲಿ, ಮುಳ್ಳು ಚುಚ್ಚಿಸಿಕೊಂಡು, ಹಳ್ಳದ ನೀರು ತಂದು ಇನ್ನೊಂದಕ್ಕೆ ಹುಯ್ದಳು.

ಕೆಂಪು.

ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. 'ಈಗೇನಂತೀಯ?' ಎಂಬ ಮಾತು ಸಿರಿಯ ನಾಲಿಗೆಯ ತುದಿಯಲ್ಲಿತ್ತು.

ಅಜ್ಜಿ ಕೆಂಪು ನೀರಿಗೆ ಬೆರಳದ್ದಿ ಮೂಸಿದಳು. ಹಳ್ಳದ ಮೇಲ್ಗಡೆ ಫ್ಯಾಕ್ಟರಿಯ ತಗಡಿನ ಚಾವಣಿ ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನೇ ದಿಟ್ಟಿಸಿದಳು.

"ಅಮ್ಮ ಮುನಿಸ್ಕಂಡಿರೋದು ದಿಟವೇ ಕಣವ್ವ," ಎಂದಳು. "ಯಾರ ಮ್ಯಾಲೆ ಅಂತ ನಂಗೇ ತಿಳ್ದಿರ್ಲಿಲ್ಲ."

ಸಿರಿಯ ನಾಲಿಗೆಯ ಮಾತು ಹಾಗೇ ಒಳಕ್ಕೆ ಹೋಯಿತು.

ಅಜ್ಜಿ ಹಳ್ಳದ ನೀರಿನ ಬಿಂದಿಗೆಯನ್ನು ಸೊಂಟಕ್ಕೇರಿಸಿದಳು. "ಅರಿಶಿನ ತಕ್ಕೊ. ಸುಂದರೀನೂ ಕರಿ. ಆ ಫ್ಯಾಕ್ಟರಿ ಗೇಟ್‌ತಾವ ಹೋಗಾನ. ಅವರ ಕಣ್ಮುಂದೇನೇ ಹುಯ್ದು ತೋರ್ಸು."

ಸಿರಿ ಬರಿಗಾಲಲ್ಲೇ ಅಂಗಳಕ್ಕೆ ಜಿಗಿದಳು.

"ಚಪ್ಲಿ ಹಾಕ್ಕಳೆ, ಮುಳ್ಳೈತೆ," ಎಂದು ಅಜ್ಜಿ ಗದರಿದಳು.

ಸಿರಿ ತಿರುಗಿ ಬಂದು ಚಪ್ಪಲಿ ಮೆಟ್ಟಿದಳು. ಆಮೇಲೆ ಮೂಲೆಯಲ್ಲಿದ್ದ ಅಜ್ಜಿಯ ಹಳೇ ಚಪ್ಪಲಿಯ ದೂಳು ಕೊಡವಿ, ಅವಳ ಕಾಲ ಬಳಿ ಜೋಡಿಸಿಟ್ಟಳು.