ಕಡಲಹೂವು ಬಿಳಿಚಿದ ಬಗೆ

"ಮಾವ, ಅಪ್ಪನ ಕಡಲಹೂವಿಗೆ ಯಾರೋ ವಿಷ ಹಾಕಿದಾರೆ."

ಫೋನಿನಲ್ಲಿ ಹಾಗೆಂದವಳು ನನ್ನ ತಂಗಿಯ ಮಗಳು ಶ್ವೇತ. ಬಾಯಲ್ಲಿ ಯಾರೋ ಎಂದಳು. ಮನಸ್ಸಿನಲ್ಲಿದ್ದವನು ಅವಳ ಸ್ವಂತ ಅಣ್ಣ ಬಸವೇಶ ಎಂಬುದು ನನಗೆ ಗೊತ್ತಿತ್ತು.

ಅದು ಎರಡು ಸಾವಿರದ ಏಳನೆಯ ಇಸವಿಯ ಕಾರ್ತಿಕ ಮಾಸ. ನನ್ನ ತಂಗಿ ರುದ್ರಮ್ಮನ ಯಜಮಾನರು ದೊಡ್ಡಸಿದ್ದಯ್ಯನವರು ಆ ವರ್ಷ ಯುಗಾದಿಯ ಮೇಲೆ ಶಿವೈಕ್ಯರಾಗಿದ್ದರು. ಅವರು ಮಂಗಳೂರಿನ ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಂಜನಗೂಡಿಗೆ ಮರಳಿದ ಮೇಲೆ ಸಮುದ್ರವನ್ನು ಬಿಟ್ಟಿರಲಾರದೆ, ನಡುಮನೆಯಲ್ಲಿ ದೊಡ್ಡ ಗಾಜಿನ ತೊಟ್ಟಿ ಇಟ್ಟು, ಉಪ್ಪು ಬೆರೆಸಿ ಕಡಲ ನೀರು ಮಾಡಿ, ಕಲ್ಲು, ಮೀನು ಎಲ್ಲವನ್ನೂ ತಂದು ಸಾಕಿದ್ದರು. ಕಲ್ಲಿನ ಮೇಲೆ ನೂರಾರು ಬೆರಳು ಚಾಚಿ ಕೂತಿದ್ದ ಒಂದು ಜೀವಿ ಅವರ ಪ್ರಾಣ. ಪುಸ್ತಕದಲ್ಲಿ ಅದರ ಹೆಸರು ಎನಿಮೊನಿ. ಮನೆಯವರೆಲ್ಲ ಕಡಲಹೂವು ಎನ್ನುತ್ತಿದ್ದರು.

ಹಿಂದಿನ ವರ್ಷ ನನ್ನವಳೂ ಹೋಗಿದ್ದಳು. ಹೋದವರು ಬಿಟ್ಟುಹೋದ ವಸ್ತುವಿನ ಮೇಲೆ ಇರುವವರಿಗೆ ಅಷ್ಟು ಹಟ ಏಕೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಟಿ. ನರಸೀಪುರದಲ್ಲಿ ನಮ್ಮ ಪಕ್ಕದ ಮನೆಯ ಮಂಟೇಸ್ವಾಮಿ ನಿವೃತ್ತ ಸಬ್ ಇನ್ಸ್‌ಪೆಕ್ಟರ್. ಅವರನ್ನು ಕರೆದುಕೊಂಡು ಬಸ್ ಹತ್ತಿದೆ.

"ಕುರಿ ಕೇಸು, ಕೋಳಿ ಕೇಸು ಎಲ್ಲಾ ನೋಡಿದೀನಿ ಮೇಷ್ಟ್ರೇ," ಎಂದರು ಅವರು. "ಹೂವಿಗೆ ವಿಷ ಹಾಕಿದ ಕೇಸು ಇದೇ ಮೊದಲು ಕಣ್ರೀ."

"ಹೂವಲ್ಲ, ಪ್ರಾಣಿ."

"ಹಂಗಾದ್ರೆ ಕೊಲೆ ಯತ್ನ ಅನ್ನಿ."

ನಂಜನಗೂಡಿನ ಮನೆಯಲ್ಲಿ ರುದ್ರಮ್ಮ ಬೆಲ್ಲ, ನೀರು ತಂದಿಟ್ಟಳು. ತಾಮ್ರದ ಚೊಂಬು ಕೆಂಪಗೆ ಹೊಳೆಯುತ್ತಿತ್ತು.

"ಮುಖ ನೋಡ್ಕೊಂಡು ತಲೆ ಬಾಚಬಹುದು ಇದರಲ್ಲಿ," ಎಂದರು ಮಂಟೇಸ್ವಾಮಿ.

"ದಿನಾ ಹುಣಸೇಹಣ್ಣಲ್ಲಿ ತಿಕ್ತೀನಿ ಸ್ವಾಮಿ," ಎಂದಳು ರುದ್ರಮ್ಮ. ಅವಳ ಕಣ್ಣು ಬತ್ತಿದ್ದವು.

ತೊಟ್ಟಿಯ ಮುಂದೆ ನಿಂತೆವು. ಕಂದು ಮೈ, ನೇರಳೆ ತುದಿಯ ಬೆರಳುಗಳು — ನಾನು ನೋಡಿದ್ದ ಕಡಲಹೂವು ಅದು. ಈಗ ಇದ್ದದ್ದು ಬೂದುಗುಂಬಳದ ತಿರುಳಿನಂತೆ ಬೆಳ್ಳಗೆ, ಆಚೆಯದು ಕಾಣುವಷ್ಟು ತೆಳ್ಳಗೆ. ಕಿತ್ತಳೆ ಬಣ್ಣದ ಜೋಡಿ ಮೀನು ಆ ಬಿಳಿ ಬೆರಳುಗಳ ನಡುವೆಯೇ ಆಡುತ್ತಿದ್ದವು.

ಶ್ವೇತ ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಮಂಟೇಸ್ವಾಮಿ ಅವಳಿಂದಲೇ ಶುರು ಮಾಡಿದರು.

"ಸತ್ತಿದೆಯಾ?"

"ಇಲ್ಲ ಸಾರ್. ಅದರ ಮೈಯೊಳಗೆ ಸಣ್ಣ ಸಣ್ಣ ಪಾಚಿ ಇರ್ತವೆ. ಬಣ್ಣ ಅವುಗಳದ್ದು. ಬೆಳಕಲ್ಲಿ ಅಡುಗೆ ಮಾಡಿ ಇದಕ್ಕೆ ಊಟ ಹಾಕೋದೂ ಅವೇ. ನೀರು ಕೆಟ್ಟರೆ ಇದು ಅವನ್ನ ಹೊರಗೆ ತಳ್ಳಿಬಿಡ್ತದೆ. ಆಮೇಲೆ ಉಪವಾಸ."

"ಮೀನು ಚೆನ್ನಾಗಿವೆಯಲ್ಲ?"

"ಚೆನ್ನಾಗಿವೆ. ಆದ್ರೆ ಶಂಖದ ಹುಳುಗಳೆಲ್ಲ ಸತ್ತಿವೆ. ಅದಕ್ಕೇ ಅನುಮಾನ ಬಂತು. ಮೀನು ತಡ್ಕೊಂಡು ಇವು ತಡೀದೇ ಇರೋ ವಿಷ ಅಂದ್ರೆ ತಾಮ್ರ. ಮೈಸೂರಿಂದ ಪರೀಕ್ಷೆ ಮಾಡೋ ದ್ರಾವಣ ತಂದು ನೋಡ್ದೆ. ಇದೆ ಸಾರ್. ಅರ್ಧ ತೊಟ್ಟಿ ನೀರು ಬದಲಾಯಿಸಿದೆ. ತಿರುಗಾ ಬಂತು."

"ತಿರುಗಾ ಬಂತು?"

"ಹೌದು. ಯಾರೋ ಹಾಕ್ತಾನೇ ಇದಾರೆ."

"ಯಾರು?"

ಅವಳು ಬಾಗಿಲ ಕಡೆ ನೋಡಿದಳು. ಊಟಕ್ಕೆ ಬಂದ ಬಸವೇಶ ಚಪ್ಪಲಿ ಬಿಡುತ್ತಿದ್ದ.

"ಅವನಂಗಡಿ ಏನಂತ ಕೇಳಿ ಸಾರ್."

"ಗೊಬ್ಬರದಂಗಡಿ," ಎಂದ ಬಸವೇಶ ಅಲ್ಲಿಂದಲೇ. "ಮೈಲುತುತ್ತ ಮೂಟೆಗಟ್ಟಲೆ ಇದೆ. ಮೈಲುತುತ್ತದಲ್ಲಿ ತಾಮ್ರ ಇದೆ. ಇನ್ನೇನು ಬೇಕು ಸಾ?"

"ತೊಟ್ಟಿ ತೆಗೆಸಿಬಿಡೋಣ ಅಂದಿದ್ರಂತೆ?"

"ಅಂದಿದ್ದೆ. ಅದರ ಮುಂದೆ ಕೂತ್ಕೊಂಡು ಅಮ್ಮ ಒಂದು ಕಡೆ, ಇವಳೊಂದು ಕಡೆ ಅಳ್ತಾ ಇದ್ರೆ ಎಷ್ಟು ದಿನ ನೋಡಕಾಯ್ತದೆ? ಆದ್ರೆ ನಾನು ಹಾಕೋದಾಗಿದ್ರೆ ಒಂದು ಚಿಟಿಕೆ ಸಾಕಿತ್ತು ಸಾ. ಸಂಜೆಗೆ ಮೀನೂ ತೇಲ್ತಿದ್ವು."

"ನೋಡಿದ್ರಾ ಸಾರ್? ಲೆಕ್ಕ ಹಾಕಿ ಇಟ್ಟಿದಾನೆ."

"ಗೊಬ್ಬರ ಮಾರೋನಿಗೆ ಗೊತ್ತಿರದೆ ಟೈಲರ್‌ಗೆ ಗೊತ್ತಿರ್ತದೇನೇ?"

"ಇದು ಸತ್ತ ದಿನ ನಾನು ಈ ಮನೆ ಬಿಡ್ತೀನಿ," ಎಂದಳು ಶ್ವೇತ. "ನಿನ್ನನ್ನ ಅಣ್ಣ ಅಂತ ಮತ್ತೆ ಕರೆಯಲ್ಲ."

ರುದ್ರಮ್ಮ ಗೋಡೆ ಹಿಡಿದು ಕೂತಳು. ಆ ಮನೆಯಲ್ಲಿ ಒಬ್ಬರು ಆಗಲೇ ಇಲ್ಲವಾಗಿದ್ದರು. ಇನ್ನಿಬ್ಬರು ಒಬ್ಬರಿಗೊಬ್ಬರು ಇಲ್ಲವಾಗುವುದರಲ್ಲಿದ್ದರು.

"ಅಮ್ಮಾ, ನೀವೇನಾದರೂ ತೊಟ್ಟಿಗೆ ಹಾಕಿದ್ರಾ?" ಎಂದು ಮಂಟೇಸ್ವಾಮಿ ಕೇಳಿದರು.

"ಇಲ್ಲ ಸ್ವಾಮಿ. ಏನೂ ಹಾಕಿಲ್ಲ. ಆ ಶಿವನೇ ಸಾಕ್ಷಿ."

ಅವರು ತಲೆದೂಗಿದರು. ಮತ್ತೆ ಶ್ವೇತಳ ಕಡೆ ತಿರುಗಿ, "ತೊಟ್ಟಿ ನೀರು ಆರ್ತದಲ್ಲ, ತುಂಬೋರು ಯಾರು?" ಎಂದರು.

"ನಾನೇ. ಶನಿವಾರ ಊರಿಗೆ ಬಂದಾಗ. ಉಪ್ಪು ಆರಲ್ವಲ್ಲ, ಅದಕ್ಕೆ ಬರೀ ಶುದ್ಧ ನೀರು. ಆ ಡ್ರಮ್ಮಿಂದ."

"ಕಡೇ ಸಲ ಯಾವಾಗ ತುಂಬಿದ್ದು?"

ಅವಳು ಯೋಚಿಸಿದಳು. "ಈಚೆಗೆ ತುಂಬಿಲ್ಲ. ಗಾಜಿನ ಮೇಲೆ ಗುರುತು ಮಾಡಿದ ಗೆರೆಯಿಂದ ನೀರು ಇಳಿದೇ ಇಲ್ಲ. ಚಳಿ ಬಂತಲ್ಲ ಸಾರ್."

ಮಂಟೇಸ್ವಾಮಿ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದರು. ನಾನೂ ಹೋದೆ. ಹಗ್ಗದ ಮೇಲಿನ ಸೀರೆಯನ್ನು ಮುಟ್ಟಿ ನೋಡಿದರು. ಬಿಲ್ವದ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಬುಡದ ಮಣ್ಣನ್ನು ಬೆರಳಲ್ಲಿ ಕೆದಕಿದರು. ಎಲೆ ಮುದುಡಿತ್ತು, ಮಣ್ಣು ಬಿರುಕು ಬಿಟ್ಟಿತ್ತು.

"ನಿಮ್ಮ ತಂಗಿ ಪೂಜೆ ಬಿಟ್ಟಿದಾರಾ ಮೇಷ್ಟ್ರೇ?"

"ಅವಳೇ? ಎರಡು ಹೊತ್ತೂ ಶಿವಪೂಜೆ ಇಲ್ಲದೆ ತುತ್ತು ಎತ್ತೋದಿಲ್ಲ."

ಅವರು ಬೆರಳಿನ ಮಣ್ಣು ಕೊಡವಿದರು. "ಗೊತ್ತಾಯ್ತು," ಎಂದರು. "ಹೇಳೋದೋ ಬೇಡವೋ ಅನ್ನೋದು ಮಾತ್ರ ಗೊತ್ತಾಗ್ತಿಲ್ಲ."

ನನಗೂ ಆಗ ಅರ್ಥವಾಯಿತು. ಒಂದು ಕಡೆ ತಂಗಿ, ಒಂದು ಕಡೆ ಅವಳ ಮಕ್ಕಳು. ಮನಸ್ಸಿನಲ್ಲೇ ನಂಜುಂಡನನ್ನು ನೆನೆದೆ. "ಹೇಳಿ," ಎಂದೆ. "ಬಚ್ಚಿಟ್ಟರೆ ಆ ಹುಡುಗನ ಮೇಲೆ ಕಳಂಕ ಉಳಿದುಬಿಡ್ತದೆ."

ಎಲ್ಲರೂ ನಡುಮನೆಯಲ್ಲಿ ಸೇರಿದರು. ಮಂಟೇಸ್ವಾಮಿ ಮೆಲ್ಲಗೆ ಮಾತಾಡಿದರು.

"ನೋಡಮ್ಮ ಶ್ವೇತ, ನೀನು ಏನು ಸತ್ತಿದೆ ಅಂತ ನೋಡ್ದೆ, ನೀರಲ್ಲಿ ಏನಿದೆ ಅಂತ ನೋಡ್ದೆ. ನೀರು ಯಾಕೆ ಇಳೀತಿಲ್ಲ ಅಂತ ನೋಡಲಿಲ್ಲ. ಬೆಳಗ್ಗೆ ಒಗೆದ ಸೀರೆ ಮಧ್ಯಾಹ್ನಕ್ಕೆ ಒಣಗಿದೆ. ಸೀರೆ ಒಣಗೋ ಗಾಳಿಗೆ ತೊಟ್ಟಿ ಆರಲ್ವಾ? ಆರ್ತದೆ. ಇಳಿದಷ್ಟನ್ನ ಯಾರೋ ತುಂಬ್ತಾ ಇದಾರೆ. ಚೂರು ಚೂರಾಗಿ, ದಿನಾ."

"ಅದೇ ನಾನೂ ಹೇಳಿದ್ದು—"

"ಕೇಳು. ಸೇಡಿಗೆ ಬಂದೋನು ಒಂದು ಸಲ ಹಾಕಿ ಓಡ್ತಾನೆ. ದಿನಾ ತಪ್ಪದೆ ಮಾಡೋ ಕೆಲಸ ದ್ವೇಷದ್ದಲ್ಲ, ನಂಬಿಕೇದು. ಹಿತ್ತಲ ಬಿಲ್ವದ ಬುಡ ಒಣಗಿದೆ. ಪೂಜೆ ಮಾತ್ರ ನಿಂತಿಲ್ಲ. ಪೂಜೆ ನೀರನ್ನ ತುಳಿಯೋ ಕಡೆ ಚೆಲ್ಲೋ ಹಾಗಿಲ್ಲ, ಗಿಡಕ್ಕೇ ಹಾಕಬೇಕು. ಹಂಗಾದ್ರೆ ಆ ನೀರು ಈಗ ಎಲ್ಲಿಗೆ ಹೋಗ್ತಾ ಇದೆ?"

ಬೆಲ್ಲದ ಪಕ್ಕದಲ್ಲಿದ್ದ ಚೊಂಬನ್ನು ಮಂಟೇಸ್ವಾಮಿ ಕೈಗೆತ್ತಿಕೊಂಡರು.

"ಹುಣಸೇಹಣ್ಣಲ್ಲಿ ತಿಕ್ಕಿದ ತಾಮ್ರದ ಚೊಂಬು. ಹುಳಿ ತಾಕಿದ ತಾಮ್ರ, ರಾತ್ರಿಯೆಲ್ಲಾ ಅದರೊಳಗೆ ನಿಂತ ನೀರು. ನಾವು ಕುಡಿದ್ರೆ ಏನೂ ಆಗಲ್ಲ, ಮೀನೂ ತಡ್ಕೊಳ್ತದೆ. ಇದಕ್ಕೆ ಅಷ್ಟೇ ವಿಷ. ರುದ್ರಮ್ಮನೋರೆ, ಎರೆದೋರು ನೀವು. ಏನಾದ್ರೂ ಹಾಕಿದ್ರಾ ಅಂತ ಕೇಳಿದಾಗ ಇಲ್ಲ ಅಂದ್ರಿ. ಅದು ಸುಳ್ಳಲ್ಲ. ತೀರ್ಥ ಎರೆಯೋದನ್ನ ಯಾರು ತಾನೇ ಹಾಕೋದು ಅಂತಾರೆ?"

ರುದ್ರಮ್ಮ ತನ್ನ ಅಂಗೈಗಳನ್ನೇ ನೋಡುತ್ತಿದ್ದಳು.

"ಅವರು ಸಾಕಿದ್ದು, ಬಾಳಲಿ ಅಂತ," ಎಂದಳು. "ಬೆಳ್ಳಗಾಗ್ತಾ ಬಂತು. ನನ್ನ ಭಕ್ತಿ ಸಾಲದು ಅಂತ ಸಂಜೆ ಪೂಜೆ ನೀರನ್ನೂ ಎರೆದೆ. ಅವರನ್ನಂತೂ ಉಳಿಸ್ಕೊಳ್ಳಲಿಲ್ಲ. ಇದನ್ನೂ ನಾನೇ..."

ಶ್ವೇತ ತಾಯಿಯ ಪಕ್ಕ ಕೂತು ಅವಳ ಭುಜದ ಮೇಲೆ ಮುಖವಿಟ್ಟಳು. ಬಸವೇಶ ನಿಂತಲ್ಲೇ ನಿಂತಿದ್ದ. ಶ್ವೇತ ತಲೆಯೆತ್ತದೆಯೇ, "ತಪ್ಪಾಯ್ತು ಕಣೋ ಅಣ್ಣ," ಎಂದಳು.

"ಸರಿ ಬಿಡೇ. ಈಗ ಇದನ್ನ ಬದುಕಿಸೋದು ಹೇಳು."

ಅವಳು ಕಣ್ಣೊರೆಸಿಕೊಂಡು ಹೇಳಿದಳು. ನೀರನ್ನು ಸ್ವಲ್ಪ ಸ್ವಲ್ಪವೇ ಬದಲಾಯಿಸಬೇಕು. ತಾಮ್ರ ಹೀರುವಂತೆ ಇದ್ದಿಲಿನ ಚೀಲ ಇಳಿಬಿಡಬೇಕು. ದೀಪಕ್ಕೆ ತೆಳುಬಟ್ಟೆ ಕಟ್ಟಿ ಬೆಳಕು ತಗ್ಗಿಸಬೇಕು. ಪಾಚಿ ಮರಳಿ ಬರುವವರೆಗೆ...

"ಬರೋವರೆಗೆ?" ಎಂದಳು ರುದ್ರಮ್ಮ.

"ನಾವೇ ತಿನ್ನಿಸಬೇಕು ಅಮ್ಮ. ಸೀಗಡಿ. ಹಸೀದು."

ಮೊಟ್ಟೆ ಕೂಡ ಹೊಸಿಲು ದಾಟದ ಮನೆ ಅದು. ಮೀನಿಗೂ ಡಬ್ಬಿಯ ಒಣ ಕಾಳೇ.

"ಸೀಗಡಿ ನಮ್ಮನೆಯಿಂದ ಬತ್ತದೆ," ಎಂದರು ಮಂಟೇಸ್ವಾಮಿ. "ನಮ್ಮನೆಯವರು ಬಿಡಿಸಿ ಕೊಡ್ತಾರೆ. ಮೇಷ್ಟ್ರು ಮೂಗು ಮುಚ್ಕೊಂಡು ಬಸ್ಸಲ್ಲಿ ತರಲಿ."

"ಹಿತ್ತಲಲ್ಲಿ ಇಡೋಣ. ನಾನು ತಿನ್ನಿಸ್ತೀನಿ," ಎಂದ ಬಸವೇಶ.

"ನೀನು ಅಂಗಡಿಗೆ ಹೋಗ್ತೀಯ, ಇವಳು ಮೈಸೂರಿಗೆ ಹೋಗ್ತಾಳೆ," ಎಂದಳು ರುದ್ರಮ್ಮ. "ಮನೇಲಿರೋಳು ನಾನು. ಒಂದು ತುಂಡು ಎಷ್ಟು ದೊಡ್ಡದಿರಬೇಕು, ಅದು ಹೇಳು."

ಮುಂದಿನ ವಾರ ಮಂಜುಗಡ್ಡೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಬಸ್ಸಿನಲ್ಲಿ ಹೋದೆ. ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋದರು. ರುದ್ರಮ್ಮ ಉದ್ದನೆಯ ಚಿಮಟದಲ್ಲಿ ಕಡಲೆಕಾಳಿನಷ್ಟು ಚೂರು ಹಿಡಿದು ನೀರಿಗೆ ಇಳಿಸಿದಳು. ಚೂರು ಜಾರಿ ಮರಳಿಗೆ ಬಿತ್ತು. ಇನ್ನೊಂದನ್ನು ತಾನೇ ಡಬ್ಬಿಯಿಂದ ತೆಗೆದುಕೊಂಡಳು. ಬಿಳಿ ಬೆರಳುಗಳು ಅದನ್ನು ಮುಟ್ಟಿದವು, ಅಂಟಿಕೊಂಡವು, ಬಹಳ ನಿಧಾನವಾಗಿ ಮಡಚಿಕೊಂಡವು.

ಶಿವರಾತ್ರಿಯ ಹೊತ್ತಿಗೆ ಬೆರಳುಗಳ ಬುಡದಲ್ಲಿ ತೆಳುವಾಗಿ, ಕಾಫಿ ಚೆಲ್ಲಿ ಒರೆಸಿದಂತೆ, ಕಂದು ಕಾಣಿಸಿತು. ಅಷ್ಟರಲ್ಲಿ ನನ್ನ ತಂಗಿಗೆ ಒಂದು ಕ್ರಮ ಕೂಡಿಬಂದಿತ್ತು. ತಿನ್ನಿಸುವ ದಿನ ಎದ್ದ ಕೂಡಲೇ ಅದಕ್ಕೆ ಉಣಿಸುವಳು. ಕಡೆಯ ತುತ್ತು ಒಳಗೆ ಹೋಗುವವರೆಗೂ ನಿಂತು ನೋಡುವಳು. ಆಮೇಲೆ ಸ್ನಾನ ಮಾಡಿ, ವಿಭೂತಿ ಧರಿಸಿ, ಪೂಜೆಗೆ ಕೂರುವಳು.