ಪ್ರತಿಬಿಂಬದ ವಿಮಾನ

ಹುಬ್ಬಳ್ಳಿಯಲ್ಲಿ ಇಳಿಯಲೆಂದು ನಸೀಮಾ ಬೇಪಾರಿ ವಿಮಾನದ ಚಕ್ರಗಳನ್ನು ಕೆಳಗೆ ಬಿಟ್ಟಳು. ಅದೇ ಕ್ಷಣಕ್ಕೆ ಎಡಗಡೆಯ ಹೈಡ್ರಾಲಿಕ್ ಒತ್ತಡ ಕುಸಿಯಿತು, ಹಿಂದೆಯೇ ಬಲಗಡೆಯದೂ. ರೆಕ್ಕೆ ಮತ್ತು ಬಾಲದ ಭಾಗಗಳನ್ನು ಆಡಿಸುವುದು ಕೊಳವೆಗಳಲ್ಲಿ ಒತ್ತಡದಿಂದ ಹರಿಯುವ ಎಣ್ಣೆ. ಅದು ಹೋಯಿತೆಂದರೆ ಪೈಲಟ್ ಕೈಯಲ್ಲಿರುವ ಹಿಡಿಗೆ ಅರ್ಥವೇ ಇಲ್ಲ. ವಿಮಾನ ಎಡಕ್ಕೆ ವಾಲತೊಡಗಿತು.

ನಸೀಮಾ ಕೂತಿದ್ದದ್ದು ಗದಗಿನ ತನ್ನ ಮನೆಯ ಮಹಡಿಯ ಕೋಣೆಯಲ್ಲಿ. ಹಗಲೆಲ್ಲ ಹಲ್ಲಿನ ಡಾಕ್ಟರು, ಸಂಜೆಯಾದರೆ ‘ಮುಗಿಲಹಾದಿ’ ಎಂಬ ವರ್ಚುವಲ್ ಏರ್‌ಲೈನಿನ ಪೈಲಟ್. ಈ ಶತಮಾನದ ನಡುಭಾಗಕ್ಕೆ ಅಂಥ ಸಂಸ್ಥೆಗಳು ಊರೂರಲ್ಲೂ ಹುಟ್ಟಿದ್ದವು. ವೇಳಾಪಟ್ಟಿ, ಗಾಳಿ, ಮೋಡ, ನಿಯಂತ್ರಣ ಗೋಪುರದ ಮಾತು ಎಲ್ಲವೂ ನಿಜದಂತೆಯೇ. ವಿಮಾನ ಮಾತ್ರ ಕಂಪ್ಯೂಟರಿನೊಳಗೆ.

ಆ ಸಂಜೆ ಗೋಪುರದ ಕೆಲಸ ಮಂಗಳೂರಿನ ಕಾಲೇಜು ಉಪನ್ಯಾಸಕ ವಾಲ್ಟರ್ ಪಿಂಟೊ ಅವರದು. ಅವರೂ ಹವ್ಯಾಸಿಯೇ. ನಸೀಮಾಳ ಹಿಂದೆ ವಿಮಾನಗಳು ಸಾಲುಗಟ್ಟಿದ್ದವು.

“ಡಾಕ್ಟ್ರೇ, ಇವತ್ತು ತುಂಬಾ ರಶ್ ಉಂಟು. ಆ ಫೇಲ್ಯೂರ್ ಒಮ್ಮೆ ಆಫ್ ಮಾಡಿ ಇಳಿದುಬಿಡಿ,” ಎಂದರು ವಾಲ್ಟರ್.

ಪರದೆಯ ಮೂಲೆಯಲ್ಲಿ ಅದಕ್ಕೆಂದೇ ಒಂದು ಗುಂಡಿ ಇತ್ತು. ನಸೀಮಾ ಅದನ್ನು ಒತ್ತಲಿಲ್ಲ. ಒಂದು ಎಂಜಿನ್ನಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಶಕ್ತಿ ಕೊಟ್ಟು ವಿಮಾನವನ್ನು ತಿರುಗಿಸಲು ನೋಡಿದಳು. ರನ್‌ವೇ ಇನ್ನೂ ದೂರವಿದ್ದಾಗಲೇ ಅದು ಹೊಲಕ್ಕೆ ಬಿತ್ತು, ಪರದೆ ಕಪ್ಪಾಯಿತು.

ಇಂಥ ತೊಂದರೆಗಳನ್ನು ತಂದಿಟ್ಟಿದ್ದು ಧಾರವಾಡದ ವಿಜ್ಞಾನಿ ಪ್ರಮೋದಿನಿ ಹಂಚಿನಾಳ ಅವರ ‘ಪ್ರತಿಬಿಂಬ’. ಮೊದಲೆಲ್ಲ ವರ್ಚುವಲ್ ವಿಮಾನಗಳು ಕವಡೆ ಎಸೆದಂತೆ, ಸುಮ್ಮನೆ ಯಾವಾಗಲೋ ಕೆಡುತ್ತಿದ್ದವು. ಪ್ರಮೋದಿನಿಯವರು ಪ್ರತಿ ವರ್ಚುವಲ್ ವಿಮಾನಕ್ಕೂ ಒಂದು ನಿಜವಾದ ವಿಮಾನವನ್ನು ಜೋಡಿ ಮಾಡಿದರು. ನಿಜದ್ದರ ಬಿಸಿ, ನಡುಕ, ಒತ್ತಡಗಳನ್ನು ಅಳೆಯುವ ಸೆನ್ಸರುಗಳ ಮಾಹಿತಿ ಪ್ರತಿಬಿಂಬಕ್ಕೆ ಬರುತ್ತಿತ್ತು. ಈ ಸವೆತ ಹೀಗೇ ಮುಂದುವರಿದರೆ ಏನು ಕೆಡಬಹುದೆಂದು ಅದು ಲೆಕ್ಕ ಹಾಕಿ, ಆ ಕೇಡನ್ನು ಹವ್ಯಾಸಿಗಳ ಮುಂದೆ ಈಗಲೇ ತಂದು ನಿಲ್ಲಿಸುತ್ತಿತ್ತು.

ಮುಗಿಲಹಾದಿಯ ಸದಸ್ಯರಿಗೆ ಇದು ಬೇಸರ ತಂದಿತ್ತು. ಮನಸ್ಸಿಗೆ ಖುಷಿಯಾಗಲೆಂದು ಹಾರುತ್ತೇವೆ, ಇದೆಲ್ಲ ಯಾಕೆ ಎಂದು ಹಲವರು ಕೇಳಿದರು. ಅದೇ ವಿಮಾನವನ್ನು ಹಾರಿಸಿದ ಇನ್ನಿಬ್ಬರೂ ಬಿದ್ದ ಮೇಲಂತೂ ಪ್ರತಿಬಿಂಬವನ್ನು ತೆಗೆದುಹಾಕಬೇಕೆಂಬ ಮಾತು ಬಲವಾಯಿತು. ನಸೀಮಾ ಕ್ಲಿನಿಕ್ಕಿಗೆ ರಜೆಯಿದ್ದ ದಿನ ಪ್ರಮೋದಿನಿಯವರನ್ನು ಕಾಣಲು ಧಾರವಾಡಕ್ಕೆ ಹೋದಳು.

“ನನ್ನ ಲೆಕ್ಕದಾಗ ಏನೋ ತಪ್ಪಿರಬೇಕು,” ಎಂದರು ಪ್ರಮೋದಿನಿ. “ಎರಡೂ ಲೈನು ಒಮ್ಮೆಗೇ ಹೋಗಬಾರದು ಅಂತನ ಬ್ಯಾರೆ ಬ್ಯಾರೆ ಇಟ್ಟಿರ್ತಾರ. ಸೆನ್ಸರ್ ನೋಡಿದ್ರ ಎಲ್ಲಾ ಸರಿ ಐತಿ.”

“ಹಲ್ಲಿನ ಸೀಳು ಎಷ್ಟೋ ಸಲ ಎಕ್ಸ್‌ರೇದಾಗ ಕಾಣಂಗಿಲ್ರೀ ಮೇಡಂ,” ಎಂದಳು ನಸೀಮಾ. “ಆದ್ರ ಕಡದಾಗ ಜೀವ ಹೋಗೋಹಂಗ ನೋಯ್ತದ. ಈ ವಿಮಾನ ಚಕ್ರ ಬಿಟ್ಟಾಗಷ್ಟ ಕೆಡತದ. ಬ್ಯಾರೆ ಯಾವ ವಿಮಾನಕ್ಕೂ ಹಿಂಗ ಆಗಿಲ್ಲ.”

ಪ್ರಮೋದಿನಿ ನಿಜವಾದ ವಿಮಾನ ಚಕ್ರ ಬಿಟ್ಟ ಕ್ಷಣಗಳ ಮಾಹಿತಿಯನ್ನಷ್ಟೇ ಬೇರೆ ಮಾಡಿ ನೋಡಿದರು. ಪ್ರತಿ ಸಲವೂ ಒಂದು ಸಣ್ಣ ನಡುಕ. ಎಚ್ಚರಿಕೆಯ ದೀಪ ಹೊತ್ತಿಸುವಷ್ಟು ದೊಡ್ಡದಲ್ಲ, ಆದರೆ ದಿನದಿನಕ್ಕೂ ಬೆಳೆಯುತ್ತಿತ್ತು. ವಿಮಾನದ ನಕಾಶೆ ತೆರೆದಾಗ ಕಾರಣ ಹೊಳೆಯಿತು. ಬೇರೆ ಬೇರೆ ದಾರಿಯಲ್ಲಿ ಬರುವ ಎರಡು ಕೊಳವೆಗಳು ಚಕ್ರದ ಗೂಡಿನ ಹತ್ತಿರ ಮಾತ್ರ, ಅವನ್ನು ಅಲುಗದಂತೆ ಬಿಗಿದಿಡುವ ಒಂದೇ ಲೋಹದ ಹಿಡಿಕಟ್ಟಿನಡಿ ಹಾದುಹೋಗುತ್ತಿದ್ದವು. ಅದು ಮುರಿದರೆ ಎರಡೂ ಕೊಳವೆ ಒಡೆಯುತ್ತವೆ.

ಆ ವಿಮಾನ ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಿಂದ ದೆಹಲಿಗೆ ಹೊರಡುವುದಿತ್ತು, ಸೀಟೆಲ್ಲ ಭರ್ತಿ. ವಿಮಾನ ಕಂಪನಿಯ ಮುಖ್ಯ ಎಂಜಿನಿಯರ್ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, ಆಟದ ವಿಮಾನ ಬಿತ್ತೆಂದು ನಿಜದ ವಿಮಾನವನ್ನು ನಿಲ್ಲಿಸಲೇ ಎಂದು ಕೇಳಿದರು. ಏನೂ ಸಿಗದಿದ್ದರೆ ಮುಂದೆ ಯಾವ ಕಂಪನಿಯೂ ಮಾಹಿತಿ ಕೊಡುವುದಿಲ್ಲ, ಇಷ್ಟು ವರ್ಷದ ದುಡಿಮೆ ಅಲ್ಲಿಗೆ ಮುಗಿಯುತ್ತದೆ ಎಂಬುದು ಪ್ರಮೋದಿನಿಯವರಿಗೂ ಗೊತ್ತಿತ್ತು.

“ಸಿಗದಿದ್ರ ನನ್ನ ಪ್ರತಿಬಿಂಬ ತಗದು ಒಗೀರಿ,” ಎಂದರು. “ಮೊದಲ ಬಿಚ್ಚಿ ನೋಡ್ರಿ.”

ಗದಗಿಗೆ ಮರಳಿದ ನಸೀಮಾ ಮತ್ತೆ ಅದೇ ವಿಮಾನವನ್ನು ಏರಿದಳು. ಹುಬ್ಬಳ್ಳಿಯಲ್ಲೇ ಇಳಿಯಬೇಕೆಂಬ ಹಟವೇ ತನ್ನನ್ನು ಬೀಳಿಸುತ್ತಿದೆ ಎಂದು ಅವಳಿಗೆ ಅಷ್ಟರಲ್ಲಿ ಅರಿವಾಗಿತ್ತು. ಈ ಸಲ ಒತ್ತಡ ಹೋದ ಕೂಡಲೇ ಮೇಲಕ್ಕೇರಿದಳು, ಉದ್ದನೆಯ ರನ್‌ವೇ ಇರುವ ಬೆಂಗಳೂರಿನ ಕಡೆ ತಿರುಗಿದಳು. ಅರ್ಧಕ್ಕೆ ನಿಂತಿದ್ದ ಚಕ್ರಗಳನ್ನು ಅವುಗಳ ಭಾರದಿಂದಲೇ ಪೂರ್ತಿ ಇಳಿಯಲು ಬಿಟ್ಟು, ಎಂಜಿನ್‌ಗಳಿಂದಲೇ ದಾರಿ ತಿದ್ದುತ್ತ ದೂರದಿಂದ ನೇರವಾಗಿ ಬಂದಳು. ವಾಲ್ಟರ್ ಉಳಿದವರನ್ನೆಲ್ಲ ಬದಿಗೆ ಸರಿಸಿ ಆಕಾಶವನ್ನು ಅವಳಿಗೇ ಬಿಟ್ಟುಕೊಟ್ಟರು. ವಿಮಾನ ಜೋರಾಗಿ ನೆಲಕ್ಕೆ ತಾಗಿ, ಕೊಸರಾಡಿ, ರನ್‌ವೇಯ ಕೊನೆಯಲ್ಲಿ ನಿಂತಿತು. ಇನ್ನು ಯಾರಿಗೂ ಫೇಲ್ಯೂರ್ ಆಫ್ ಮಾಡುವ ಆ ಗುಂಡಿ ಒತ್ತಿರೆಂದು ಹೇಳುವುದಿಲ್ಲ ಎಂದರು ವಾಲ್ಟರ್.

ಮರುದಿನ ಬೆಳಿಗ್ಗೆ ಪ್ರಮೋದಿನಿ ತಾವೇ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೋಗಿ ಪ್ರಯಾಣಿಕರ ನಡುವೆ ಕೂತರು. ದೆಹಲಿ ವಿಮಾನ ತಡವೆಂಬ ಘೋಷಣೆ ಮತ್ತೆ ಮತ್ತೆ ಬರುತ್ತಿತ್ತು. ಬಿಸಿಲೇರಿದ ಮೇಲೆ ಮುಖ್ಯ ಎಂಜಿನಿಯರ್ ಅವರ ಫೋನ್ ಬಂತು. ಹಿಡಿಕಟ್ಟು ಅರ್ಧಕ್ಕಿಂತ ಹೆಚ್ಚು ಸೀಳಿತ್ತು, ಕೊಳವೆಗಳು ಉಜ್ಜಿ ಉಜ್ಜಿ ತೆಳುವಾಗಿದ್ದವು. ಅದೇ ಮಾದರಿಯ ವಿಮಾನಗಳನ್ನೆಲ್ಲ ಬಿಚ್ಚಿ ನೋಡಲು ಹೇಳಿದ್ದೇನೆ ಎಂದು ಅವರು ತಿಳಿಸಿದರು. ಪ್ರಮೋದಿನಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ ದೆಹಲಿಯಲ್ಲಿ ಮೊಮ್ಮಗಳ ನಿಶ್ಚಿತಾರ್ಥದ ಹೊತ್ತು ಮೀರಿಹೋಗುತ್ತಿತ್ತು. ವಿಮಾನಕ್ಕೆ ಏನಾಗಿದೆಯಂತೆ ಎಂದು ಅವರು ಕೇಳಿದರು.

“ಏನೂ ಆಗಿಲ್ರೀ,” ಎಂದರು ಪ್ರಮೋದಿನಿ.

“ಏನೂ ಆಗದ ಇಷ್ಟೊತ್ತು ಯಾಕ ಕುಂದರಿಸ್ಯಾರ್ರೀ ಹಂಗಾದ್ರ?”

ಅವರ ಸಿಟ್ಟು ನ್ಯಾಯವಾದದ್ದೇ. ನಡೆಯದ ಅಪಘಾತ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಪ್ರತಿಬಿಂಬದಂಥದ್ದು ಹುಟ್ಟಲು ಇನ್ನೂ ಕೆಲವು ದಶಕ ಬೇಕಾದೀತು. ಆದರೆ ತಡವಾಗುವ ವಿಮಾನಗಳೂ ಗಡಿಯಾರ ನೋಡಿ ಗೊಣಗುವ ನಾವೂ ಇವತ್ತೇ ಇದ್ದೇವೆ. ಎಲ್ಲೋ ಒಂದು ರೆಕ್ಕೆಯ ಕೆಳಗೆ ಟಾರ್ಚ್ ಹಿಡಿದು, ನಮಗೆ ಏನೂ ಆಗದಿರಲೆಂದು ಬಗ್ಗಿ ನೋಡುತ್ತಿರುವವರೂ.