ತೊಳೆದರೂ ಹೋಗದ ಕಂದು

"ಮಗ್ಗ ನಿಲ್ಲಸ್ರೀ!"

ಬಾಗಿಲಲ್ಲಿ ನಿಂತವನು ಮತ್ತೆ ಮತ್ತೆ ಕೂಗಿದ. ಶ್ರೀದೇವಿ ತಿರುಗಿ ನೋಡಿದಳೇ ಹೊರತು ಪವರ್‌ಲೂಮ್ ನಿಲ್ಲಿಸಲಿಲ್ಲ. ಬನಹಟ್ಟಿಯ ನೇಕಾರ ಓಣಿಯಲ್ಲಿ ಹುಟ್ಟಿದವರಿಗೆ ಎದುರಿನವರ ತುಟಿ ಕಂಡರೆ ಸಾಕು, ಮಾತು ತಿಳಿಯುತ್ತದೆ.

"ಹೇಳ್ರಿ, ತಿಳೀತೈತಿ!"

"ವಿಠೋಬಾ ಅವರ ಮನಿ ಇದ ಏನ್ರಿ? ನಾ ಯಲ್ಲಾಲಿಂಗ, ಸಾವಳಗಿಯಂವ. ಬಾಗಲಕೋಟ್ಯಾಗ ಲ್ಯಾಬಿನ್ಯಾಗ ಅದೀನಿ. ಅವರ ಪುಪ್ಪಸದ ತುಂಡು ನಮ್ಮ ಹತ್ರ ಐತ್ರಿ..."

ಖಟ್! ಮಗ್ಗ ನಿಂತಿತು.

"ಏನಂದ್ರಿ? ನಮ್ಮಪ್ಪನ ತುಂಡು ನಿಮ್ಮ ಹತ್ರ ಯಾಕ ಐತಿ? ಮಾರಾಕ ಬಂದೀರೇನು?"

ಯಲ್ಲಾಲಿಂಗನ ಮುಖ ಕೆಂಪಾಯಿತು. ತಡವರಿಸುತ್ತಲೇ ವಿವರಿಸಿದ. ಹೋದ ವರ್ಷ ವಿಠೋಬಾನ ಎದೆಯ ಗಂಟು ತೆಗೆದಾಗ ಅದರ ಜೊತೆ ಶ್ವಾಸಕೋಶದ ಚೂರೊಂದು ಬಂದಿತ್ತು. ಅದನ್ನು ಮೇಣದಲ್ಲಿ ಹುದುಗಿಸಿ ಇಟ್ಟಿದ್ದರು. ಈಗ ಲ್ಯಾಬಿಗೆ ಒಂದು ಆ್ಯಂಟಿಬಾಡಿ ಬಂದಿದೆ. ದಮ್ಮಿನ ರೋಗಕ್ಕೆ ನಂಟಿರುವ ಒಂದು ಪ್ರೋಟೀನು ಮನುಷ್ಯನ ಅಂಗಾಂಶದಲ್ಲಿ ಎಲ್ಲೆಲ್ಲಿ ಇದೆಯೋ, ಅಲ್ಲೆಲ್ಲ ಈ ಆ್ಯಂಟಿಬಾಡಿ ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಆ ಜಾಗ ಕಂದು ಬಣ್ಣವಾಗಿ ಕಾಣುತ್ತದೆ. ವಿಠೋಬಾನಿಗೆ ದಮ್ಮು ಇತ್ತಲ್ಲ, ಅದಕ್ಕೇ ಒಪ್ಪಿಗೆ ಕೇಳಲು ಬಂದಿದ್ದ.

ಒಳಗಿನಿಂದ ಕೆಮ್ಮುತ್ತಾ ಬಂದ ವಿಠೋಬಾ ನಕ್ಕ. "ತಗೋ ಮಾರಾಯಾ. ನನಗಂತೂ ಅದು ಉಪಯೋಗ ಬೀಳಲಿಲ್ಲ."

ಒಪ್ಪಿಗೆ ಅಂದೇ ಸಿಕ್ಕಿತು. ಆದರೂ ಯಲ್ಲಾಲಿಂಗ ಬರುವುದನ್ನು ಬಿಡಲಿಲ್ಲ! ವಿಠೋಬಾನ ಉಸಿರು ಕೇಳುವ ನೆಪ... ಔಷಧದಂಗಡಿಯಿಂದ ದಮ್ಮಿಗೆ ಬಾಯಲ್ಲಿಟ್ಟು ಎಳೆಯುವ ಪಂಪ್ ತಂದುಕೊಡುವ ನೆಪ... ಶ್ರೀದೇವಿಯೂ ಅವನು ಬರುವ ದಿನ ಮಗ್ಗ ನಿಲ್ಲಿಸಲು ಕಲಿತಳು.

"ಕುರಿ ಕಾಯೋರ ಹುಡುಗ, ನಮ್ಮ ಜಾತಿ ಅಲ್ಲ," ಎಂದು ತಾಯಿ ಗುರುಬಾಯಿ ಗೊಣಗಿದಳು.

"ಅವರು ಉಣ್ಣಿ ಕಂಬಳಿ ನೇಯ್ತಾರ, ನಾವು ಹತ್ತಿ ಸೀರಿ ನೇಯ್ತೇವಿ. ಎಲ್ಲಾರೂ ನೇಕಾರರ!" ಎಂದ ವಿಠೋಬಾ. ಮಾತು ಅಷ್ಟಕ್ಕೆ ಮುಗಿಯಿತು. ಬರುವ ಬೇಸಿಗೆಯಲ್ಲಿ ಮದುವೆ ಎಂದಾಯಿತು.

ಒಂದು ದಿನ ವಿಠೋಬಾ ತನ್ನ ತುಂಡು ನೋಡಬೇಕೆಂದು ಬಾಗಲಕೋಟೆಗೆ ಹೋದ. ಯಲ್ಲಾಲಿಂಗ ಉತ್ಸಾಹದಿಂದ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ. ಗಾಜಿನ ಮೇಲೆ ಉಸಿರಿನ ಕೊಳವೆಯ ಸುತ್ತ ಕಂದು ಬಣ್ಣ ಹರಡಿಕೊಂಡಿತ್ತು.

"ಇಷ್ಟಕ್ಕ ಬಿಡಂಗಿಲ್ರಿ ಮಾವಾರ. ತೊಳದು ತೊಳದು ನೋಡ್ತೇವಿ. ಹೋಗೂದೆಲ್ಲ ಹೋಗಿ ಉಳದದ್ದು ಇದು."

ವಿಠೋಬಾ ಏನೂ ಕೇಳಲಿಲ್ಲ. ಹರೆಯದಲ್ಲೆಲ್ಲ ನೂಲಿಗೆ ಬಣ್ಣ ಹಾಕಿದ ಕೈ ಅವನದು. ನೂಲಿನ ಲಡಿಯನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿ, ನೀರು ತಿಳಿಯಾಗುವ ತನಕ ತೊಳೆಯಬೇಕು. ಆಮೇಲೂ ಉಳಿದ ಬಣ್ಣ ಪಕ್ಕಾ. ಸೀರೆ ಹರಿದರೂ ಅದು ಬಿಡುವುದಿಲ್ಲ.

ಮನೆಗೆ ಬಂದವನು ಪಂಪನ್ನು ಗೋಡೆಯ ಮಾಡದಲ್ಲಿಟ್ಟ. ಮತ್ತೆ ಮುಟ್ಟಲಿಲ್ಲ.

"ತೊಳದ ಮ್ಯಾಲೂ ಹೋಗಿಲ್ಲ ಶ್ರೀ. ಪಕ್ಕಾ ಹಿಡದೈತಿ. ಇನ್ನ ಔಷಧ ಎದಕ್ಕ?" ಮಗಳ ಮುಖ ನೋಡದೆ ಹೇಳಿದ. "ನೀನೂ ಅದ ತೊಟ್ಟ್ಯಾಗ ಅದ್ದಿದ ನೂಲವ್ವಾ... ಮತ್ತೊಬ್ಬರ ಮನಿಗೆ ಈ ಬಣ್ಣ ಒಯ್ಯಬ್ಯಾಡ."

ಶ್ರೀದೇವಿ ವಾದಿಸಲಿಲ್ಲ. ಏಕೆಂದರೆ ಅವಳೂ ಬಣ್ಣದ ಮನೆಯ ಮಗಳು. ಚಳಿಯ ಮುಂಜಾವಿನಲ್ಲಿ ತನ್ನ ಎದೆಯಲ್ಲೂ ಸಿಳ್ಳೆ ಹೊಡೆಯುವ ಸದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ದೀಪಾವಳಿಗೆ ಮುಂಚೆ, ಎಲ್ಲ ಮಗ್ಗಗಳೂ ಓಡುತ್ತಿದ್ದ ಒಂದು ಮಧ್ಯಾಹ್ನ ವಿಠೋಬಾನ ಉಸಿರು ಕಟ್ಟಿತು. ಅವನು ಕೂಗಿರಬೇಕು. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಅಪ್ಪನನ್ನು ಹೂಳುವ ದಿನ ಮಣ್ಣಿಗೆ ಬಂದ ಯಲ್ಲಾಲಿಂಗನಿಗೆ ಶ್ರೀದೇವಿ ಒಂದೇ ಮಾತು ಹೇಳಿದಳು. "ಮದವಿ ಆಗೂದಿಲ್ಲ. ಇನ್ನ ಬರಬ್ಯಾಡ."

'ನನ್ನ ಮ್ಯಾಲ ಆಕಿಗೆ ಸಿಟ್ಟು ಬಂದೈತಿ... ಆದ್ರ ನಾ ಏನ ಮಾಡಿದೆ?' ಅವನು ಕೇಳಲಾಗದೆ ಹೋದ.

ತಿಂಗಳಾದ ಮೇಲೆ ಶ್ರೀದೇವಿಯೇ ಲ್ಯಾಬಿಗೆ ಬಂದಳು.

"ನಮ್ಮಪ್ಪನ ತುಂಡು ಕೊಡ್ರಿ. ನಮ್ಮಲ್ಲಿ ಹೂಳ್ತಾರ. ಅರ್ಧಾ ಮನಶಾನ್ನ ಹೂಳಿದಂಗಾಗೇತಿ."

ಬಹುವಚನ ಅವನಿಗೆ ಚುಚ್ಚಿತು. "ಲ್ಯಾಬಿನ ದೊಡ್ಡ ಮೇಡಮ್ಮಾರನ್ನ ಕೇಳಿ ಬರ್ತೇನಿ, ಕೂಡ್ರು," ಎಂದು ಹೊರಗೆ ಹೋದ.

ಮೇಜಿನ ಮೇಲೆ ಸೂಕ್ಷ್ಮದರ್ಶಕವಿತ್ತು. ಅದರಡಿ ಒಂದು ಗಾಜು. ಅವಳು ಬಗ್ಗಿ ಕಣ್ಣಿಟ್ಟಳು. ಕಂದು! ಅಪ್ಪ ಹೇಳಿದ್ದ ಹಾಗೆಯೇ, ಕೊಳವೆಯ ಸುತ್ತ ಹಿಡಿದುಕೊಂಡ ಕಂದು...

"ಅಪ್ಪಾ..."

ತುಂಡು ಕೊಡಲು ಮೇಡಮ್ಮ ಒಪ್ಪಿದ್ದನ್ನು ಹೇಳಲು ಯಲ್ಲಾಲಿಂಗ ಮರಳಿದಾಗ ಅವಳು ಆ ಯಂತ್ರವನ್ನು ತಬ್ಬಿಕೊಂಡು ಅಳುತ್ತಿದ್ದಳು.

"ಶ್ರೀ... ಅದು ನಿಮ್ಮಪ್ಪಂದು ಅಲ್ಲ."

"ಮತ್ತ ಯಾರದು?"

"ಲೋಕಾಪುರ ರೋಡಿನ್ಯಾಗ ಲಾರಿ ಬಡದು ಸತ್ತಂವಂದು. ಹೋಲಿಸಿ ನೋಡಾಕ ಇಟ್ಟೇವಿ. ಅವಗ ದಮ್ಮು ಇರಲಿಲ್ಲ. ಗಟ್ಟಿಮುಟ್ಟ ಆಳು."

"ಸುಳ್ಳ! ಕಂದು ಐತಲ್ಲ?"

"ಎಲ್ಲಾರಿಗೂ ಒಂದಷ್ಟು ಇರ್ತೈತಿ. ಯಾರಿಗೆ ಹೆಚ್ಚು, ಯಾರಿಗೆ ಕಡಿಮಿ, ಯಾಕ... ಅದನ್ನ ಹುಡುಕಾಕ ಇದು. ರೋಗ ಹೇಳಾಕ ಅಲ್ಲ. ಆ್ಯಂಟಿಬಾಡಿ ಬಾಟ್ಲಿ ಮ್ಯಾಲೂ ಹಂಗ ಬರದಾರ, ಸಂಶೋಧನೆಗೆ ಮಾತ್ರ ಅಂತ."

ಅವಳು ಮತ್ತೆ ಆ ಗಾಜಿನತ್ತ ನೋಡಿದಳು.

"ಹಂಗಾದ್ರ... ಅಪ್ಪ ಪಂಪ್ ಯಾಕ ಬಿಟ್ಟ?"

"ಬಿಟ್ಟಿದ್ರಾ?!"

ಅವಳು ಎಲ್ಲವನ್ನೂ ಹೇಳಿದಳು. ತೊಟ್ಟಿ, ತೊಳೆತ, ಪಕ್ಕಾ ಬಣ್ಣ. ಕೇಳುತ್ತಾ ಕೇಳುತ್ತಾ ಅವನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತ. ತೋರಿಸುವ ಉಮೇದಿನಲ್ಲಿ ಈ ಎರಡನೇ ಗಾಜನ್ನು ಅವನು ಮುದುಕನಿಗೆ ತೋರಿಸಿರಲಿಲ್ಲ. ಎರಡು ನಿಮಿಷದ ಕೆಲಸ.

"ನನ್ನಿಂದ ಹೋದ್ರು," ಎಂದ. "ಮಾಫಿ ಕೇಳಾಕೂ ಬಾಯಿಲ್ಲ ನನಗ."

ಇಲ್ಲ ಎಂದು ಅವಳು ಹೇಳಲಿಲ್ಲ. ಅದು ಸುಳ್ಳಾಗುತ್ತಿತ್ತು.

"ನಾನೂ ನಂಬಿದ್ದೆ. ಪಂಪ್ ತಗೊಂಡು ಅಪ್ಪನ ಬಾಯಿಗೆ ಹಿಡೀಬೇಕಿತ್ತು. ಹಿಡೀಲಿಲ್ಲ." ಅವಳೂ ನೆಲದ ಮೇಲೆ ಕುಳಿತಳು. "ನಿನಗ ಬ್ಯಾಡ ಅಂದದ್ದು ಸಿಟ್ಟಿಗಲ್ಲ. ನನಗೂ ದಮ್ಮು ಐತಿ."

"ಗೊತ್ತೈತಿ."

"ಏನು?!"

"ಮಗ್ಗ ನಿಲ್ಲಿಸಿದಾಗ ನಿನ್ನ ಉಸಿರು ಕೇಳಸ್ತಿತ್ತು. ನೀನಾಗೇ ಹೇಳ್ತಿ ಅಂತ ಸುಮ್ನಿದ್ದೆ."

"ಗೊತ್ತಿದ್ದೂ ಮದವಿಗೆ ಒಪ್ಪಿದ್ಯಾ?"

"ಹೂಂ. ನೀ ಅಂದ್ರ ಇಷ್ಟ."

ಅವಳು ಮತ್ತೆ ಅತ್ತಳು. ಅಪ್ಪ ಬರುವುದಿಲ್ಲ. ಇವನ ಮುಖ ನೋಡಿದಾಗಲೆಲ್ಲ ಆ ಗಾಜು ನೆನಪಾಗುತ್ತದೆ. ಆದರೂ ಈ ಲೋಕದಲ್ಲಿ ಆ ಮಧ್ಯಾಹ್ನದ ಭಾರ ಹೊತ್ತವರು ಇಬ್ಬರೇ... ಇನ್ನೊಬ್ಬ ಇಲ್ಲೇ ಕುಳಿತಿದ್ದಾನೆ.

"ನನ್ನ ಉಸಿರು ಕಟ್ಟಿದ್ರ ಅಂಜತೀ?"

"ಅಂಜತೇನಿ. ಭಾಳ. ಆದ್ರ ಪಂಪ್ ಹಿಡೀತೇನಿ. ನೀ ಬ್ಯಾಡಂದ್ರೂ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಪ್ಪ ಪಂಪ್ ಬಿಟ್ಟ ಖರೆ ಅವ್ವಗ ಗೊತ್ತಿಲ್ಲ. ಹೇಳಬೇಕು. ನನಗ ಅಂಜಿಕಿ."

"ನನಗೂ."

"ಹಂಗಾದ್ರ ಏಳು," ಎಂದು ಅವಳು ಕೈ ಚಾಚಿದಳು. "ಕೂಡೇ ಹೋಗೂಣು."